ಡೆಬಿಟ್ ಯಾವ ಕಡೆ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ನೋಡಿಕೊಂಡಿದ್ದೆ, ಒಂಬತ್ತು ವರ್ಷ. ಪಿಜಿಸಿಇಟಿ ಬರೆದು ಧಾರವಾಡದಲ್ಲಿ ಎಂಬಿಎ ಸೀಟು ಸಿಕ್ಕಿತು ಅಂದಾಗ ಸಾವ್ಕಾರ್ರು ನಕ್ಕರು. "ಇಷ್ಟ್ ವರ್ಷ ಲೆಕ್ಕಾನ ಬರದೀಯಲ್ಲ ತಂಗಿ, ಇನ್ನೇನ್ ಕಲೀತಿ?" ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಬೇರೆ ವಿಷಯ ಕಷ್ಟ ಆಗಬಹುದು, ಅಕೌಂಟ್ಸ್ ಅಂತೂ ನಂದೇ.

ಮೊದಲು ಕೈಕೊಟ್ಟಿದ್ದೇ ಅಕೌಂಟ್ಸ್.

ಅಂಗಡಿಯ ಲೆಕ್ಕವೆಲ್ಲ ಟ್ಯಾಲಿ ಅನ್ನೋ ಸಾಫ್ಟ್‌ವೇರ್‌ನಲ್ಲಿ. ದುಡ್ಡು ಕೊಟ್ಟರೆ ಎಫ್5 ಕೀ, ಬಂದರೆ ಎಫ್6. ಡೆಬಿಟ್ ಯಾವುದು, ಕ್ರೆಡಿಟ್ ಯಾವುದು ಅನ್ನೋ ಯೋಚನೆಯನ್ನು ಅದೇ ಮಾಡುತ್ತಿತ್ತು. ಪೆನ್ನು ಹಿಡಿದು ಜರ್ನಲ್ ಎಂಟ್ರಿ, ಅಂದರೆ ಒಂದೊಂದು ವ್ಯವಹಾರಕ್ಕೂ ಯಾವುದು ಡೆಬಿಟ್, ಯಾವುದು ಕ್ರೆಡಿಟ್ ಅಂತ ಬರೆಯಿರಿ ಅಂದರೆ ತಲೆ ಖಾಲಿ. ಪಾಸ್‌ಬುಕ್‌ನಲ್ಲಿ ಜಮಾ ಅಂದರೆ ಕ್ರೆಡಿಟ್, ಹಾಗಾಗಿ ದುಡ್ಡು ಬಂದಾಗೆಲ್ಲ ಕ್ರೆಡಿಟ್ ಅಂತಲೇ ಬರೆದೆ. ಆದರೆ ಪಾಸ್‌ಬುಕ್ ಬ್ಯಾಂಕಿನ ಲೆಕ್ಕ. ನಾವು ಕಟ್ಟಿದ ದುಡ್ಡು ಅವರಿಗೆ ಸಾಲ, ಅದಕ್ಕೆ ಅಲ್ಲಿ ಕ್ರೆಡಿಟ್. ನಮ್ಮ ಪುಸ್ತಕದಲ್ಲಿ ಅದೇ ದುಡ್ಡು ಡೆಬಿಟ್. ದಿನಾ ಪಾಸ್‌ಬುಕ್ ತಾಳೆ ಹಾಕುತ್ತಿದ್ದವಳಿಗೆ ಇದು ಹೊಳೆದೇ ಇರಲಿಲ್ಲ!

ಆಮೇಲೆ ಒಂದು ರೂಢಿ ಮಾಡಿಕೊಂಡೆ. ರಾತ್ರಿ ಮಗಳು ಮಲಗಿದ ಮೇಲೆ ಮನೆಯದೇ ಲೆಕ್ಕ ಬರೆಯೋದು. ಹಾಲಿನ ಬಾಕಿ, ಸಿಲಿಂಡರ್, ಚಿಗರಿ ಬಸ್ಸಿನ ಟಿಕೆಟ್, ಎಲ್ಲಕ್ಕೂ ಎಂಟ್ರಿ. ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್, ಅಂದರೆ ಡೆಬಿಟ್ ಮೊತ್ತ, ಕ್ರೆಡಿಟ್ ಮೊತ್ತ ಎರಡೂ ಸಮ ಇದೆಯಾ ಅಂತ ನೋಡೋದು. ಮೊದಲ ತಿಂಗಳು 340 ರೂಪಾಯಿ ತಾಳೆ ಆಗಲಿಲ್ಲ. ಒಂದು ಮೊತ್ತ ತಪ್ಪು ಕಡೆ ಕೂತರೆ ವ್ಯತ್ಯಾಸ ಅದರ ಎರಡು ಪಟ್ಟು ಬರುತ್ತದೆ, ಅದಕ್ಕೆ ಇಂಥ ಹೊತ್ತಲ್ಲಿ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತ ಹುಡುಕಬೇಕು. ಸಿಕ್ಕಿತು, ಪೇಪರಿನವನಿಗೆ ಕೊಟ್ಟ 170 ರೂಪಾಯಿ ಕ್ರೆಡಿಟ್ ಕಡೆ ಕೂತಿತ್ತು. ಇದರಿಂದ ಇನ್ನೊಂದು ಲಾಭವೂ ಆಯಿತು. ಎರಡು ಪುಟಕ್ಕೇ ನೋಯುತ್ತಿದ್ದ ಕೈ ಮೂರು ಗಂಟೆಯ ಪರೀಕ್ಷೆಗೆ ಪಳಗಿತು.

ಬ್ರೇಕ್-ಈವನ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ, ಆ ಪಾಠದಲ್ಲಿ ಮಾತ್ರ ನನ್ನದೇ ಕಾರುಬಾರು. ಗಿರ್ಮಿಟ್ ಗಾಡಿಯ ಲೆಕ್ಕ ಹಿಡಿಯಿರಿ ಅಂದೆ ಪಕ್ಕದ ಹುಡುಗರಿಗೆ. ಜಾಗದ ಬಾಡಿಗೆ, ಸಂಜೆ ಬರುವ ಹುಡುಗನ ಪಗಾರ ಸೇರಿ ತಿಂಗಳಿಗೆ 12,000 ರೂಪಾಯಿ. ಪ್ಲೇಟಿನ ರೇಟು 30, ಚುರುಮುರಿ, ಎಣ್ಣೆ, ಉಳ್ಳಾಗಡ್ಡಿಗೆ 18. ಉಳಿಯೋದು 12. ಅಂದರೆ 1,000 ಪ್ಲೇಟ್ ಮಾರುವ ತನಕ ಲಾಭದ ಮಾತೇ ಇಲ್ಲ. ಅವರ ತಲೆಗೆ ತಟ್ಟನೆ ಹತ್ತಿತು. ನಾನು ಇಂಟರ್ನಲ್‌ನಲ್ಲೂ ಇದೇ ಕಥೆ ಬರೆದು ಬಂದೆ. 10ಕ್ಕೆ 4 ಬಂತು. ಸಿಟ್ಟಿನಿಂದ ಪ್ರಶ್ನೆಪತ್ರಿಕೆ ತೆಗೆದು ನೋಡಿದರೆ, ಸೂತ್ರ ಮತ್ತು ಗ್ರಾಫ್ ಸಹಿತ ವಿವರಿಸಿ ಅಂತಿತ್ತು. ನಾನು ಅರ್ಧವೇ ಓದಿದ್ದೆ. ಗೊತ್ತಿರೋದೇ ಅಲ್ವಾ ಅನ್ನೋ ಧಿಮಾಕು.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಜಾಸ್ತಿ ಕೇಳಬೇಡಿ. ಅದನ್ನು ಹೇಳಿಕೊಡಲು 22 ವರ್ಷದ ಹುಡುಗನೊಬ್ಬ ಇದ್ದಾನೆ. "ಅಕ್ಕಾರ, ಇದನ್ನ ನಿನ್ನೆನ ಹೇಳಿದ್ನಲ್ರೀ" ಅಂತ ಗೊಣಗುತ್ತಾನೆ. ಒಂದು ಚಾಪ್ಟರ್‌ಗೆ ಒಂದು ಪ್ಲೇಟ್ ಗಿರ್ಮಿಟ್, ಅದು ನಮ್ಮ ಒಪ್ಪಂದ. ಈ ಸೆಮಿಸ್ಟರ್ ಆರು ಪ್ಲೇಟ್ ಆಗಿದೆ. ರಾತ್ರಿ ಅದನ್ನೂ ಬರೆಯುತ್ತೇನೆ. ಶಿಕ್ಷಣದ ಖರ್ಚು, ಡೆಬಿಟ್.