ಹಳೆ ಕ್ಯಾಂಪರ್ ಟ್ರೇಲರ್ ರಿಪೇರಿ: ಮೊದಲು ನೀರು ನಿಲ್ಲಿಸಿ, ಬಣ್ಣ ಆಮೇಲೆ

ಹಳೆ ಕ್ಯಾಂಪರ್ ಟ್ರೇಲರ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಸಣ್ಣ ಮನೆ, ಕೈಗೆ ಬಂದ ಮೊದಲ ವಾರ ಎಲ್ಲರ ಮನಸ್ಸೂ ಒಳಗಿನ ಅಲಂಕಾರದ ಕಡೆಗೇ ಓಡುತ್ತದೆ. ಯಾವ ಬಣ್ಣ, ಎಂಥ ಕುಶನ್, ಪರದೆ ಹೇಗಿರಬೇಕು ಅಂತ. ನನಗೂ ಹಾಗೇ ಆಗಿತ್ತು. ನಾನು ಮೊದಲು ಕೊಂಡ ಟ್ರೇಲರ್‌ಗೆ ಹಿಂದಿನವರು ಒಳಗೆಲ್ಲ ಬಿಳಿ ಬಣ್ಣ ಹೊಡೆಸಿದ್ದರು, ನೋಡಿದ ಕೂಡಲೇ ಇಷ್ಟವಾಯಿತು, ಕೊಂಡೆ. ನಾಲ್ಕು ಜೋರು ಮಳೆ ಬಿದ್ದ ಮೇಲೆ ಹಿಂದಿನ ಮೂಲೆಯಲ್ಲಿ ಬಣ್ಣ ಉಬ್ಬಿಕೊಂಡಿತು, ಒತ್ತಿ ನೋಡಿದರೆ ಬೆರಳು ಸೀದಾ ಗೋಡೆಯೊಳಗೆ ಹೋಯಿತು. ಬಣ್ಣದ ಹಿಂದೆ ಮರವೇ ಇರಲಿಲ್ಲ, ಒದ್ದೆ ಪುಡಿ ಇತ್ತು. ಅದಕ್ಕೇ ಎಲ್ಲರಿಗೂ ಮೊದಲು ಹೇಳುವುದು ಇದನ್ನೇ: ನೀರು ಒಳಗೆ ಬರುವುದನ್ನು ನಿಲ್ಲಿಸಿ. ಅಲಂಕಾರವೆಲ್ಲ ಆಮೇಲೆ.

ಇವನ್ನು ಹೇಗೆ ಕಟ್ಟಿದ್ದಾರೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಸುಲಭ. 1950–60ರ ದಶಕದ ಅಮೆರಿಕದ ಸಣ್ಣ ಟ್ರೇಲರ್‌ಗಳಲ್ಲಿ, ಅಂದರೆ ಶಾಸ್ತಾ ಕಂಪನಿಯ ಥರದವುಗಳಲ್ಲಿ, ಕೆಳಗೆ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್ ನೆಲ, ನೆಲದ ಮೇಲೆ ಸಣ್ಣ ಸಣ್ಣ ರೀಪರುಗಳ ಹಂದರ ಇರುತ್ತದೆ. ಹಂದರದ ಒಳಮೈಗೆ ಸುಮಾರು 3 ಮಿ.ಮೀ. ದಪ್ಪದ ಬರ್ಚ್ ಪ್ಲೈವುಡ್, ಹೊರಮೈಗೆ ತೆಳು ಅಲ್ಯೂಮಿನಿಯಂ ತಗಡು. ಕಾರ್ಖಾನೆಯಲ್ಲಿ ಇದನ್ನು ಒಳಗಿಂದ ಹೊರಕ್ಕೆ ಕಟ್ಟುತ್ತಿದ್ದರು: ಮೊದಲು ನೆಲ, ಆಮೇಲೆ ಕಪಾಟು, ಒಳಗೋಡೆ, ಹಂದರ, ವೈರು, ಕೊನೆಗೆ ತಗಡು. ಹಾಗಾಗಿ ನೀವು ಬಿಚ್ಚಬೇಕಾದ್ದು ಹೊರಗಿಂದ ಒಳಕ್ಕೆ. ಕಪಾಟಿನ ಮೊಳೆಗಳನ್ನು ಎಷ್ಟೋ ಸಲ ಗೋಡೆಯ ಹೊರಗಿನಿಂದಲೇ ಹೊಡೆದಿರುತ್ತಾರೆ, ಒಳಗೆ ನಿಂತು ಎಳೆದರೆ ಕಪಾಟು ಮುರಿಯುತ್ತದೆ ಅಷ್ಟೇ.

ಏರ್‌ಸ್ಟ್ರೀಮ್ ಅನ್ನುವ ಇನ್ನೊಂದು ಕಂಪನಿಯ ದಾರಿ ಬೇರೆ. 1936ರ ಕ್ಲಿಪ್ಪರ್ ಮಾದರಿಯಿಂದ ಹಿಡಿದು ಅವರದು ರಿವೆಟ್ ಹೊಡೆದ ಅಲ್ಯೂಮಿನಿಯಂ ಚಿಪ್ಪು. ಅಲ್ಲಿ ಹಾಳಾಗುವುದು ಹೆಚ್ಚಾಗಿ ನೆಲದ ಅಂಚು, ಯಾಕಂದರೆ ಚಿಪ್ಪಿಗೂ ಚಾಸಿಗೂ ನಡುವೆ ಪ್ಲೈವುಡ್ ಸಿಕ್ಕಿಕೊಂಡಿರುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಮರದ ಹಂದರದ ಟ್ರೇಲರ್‌ಗಳ ಬಗ್ಗೆ.

ಕೊಳ್ಳುವ ಮುಂಚೆ ಒಂದು ಟಾರ್ಚ್, ಒಂದು ದಬ್ಬಳ, ಸಿಕ್ಕರೆ ಮರದ ತೇವ ಅಳೆಯುವ ಮೀಟರ್ ತೆಗೆದುಕೊಂಡು ಹೋಗಿ. ಮೂಲೆಗಳು, ಕಿಟಕಿಯ ಕೆಳಗೆ, ಚಾವಣಿಯ ಗಾಳಿಕಿಂಡಿಯ ಸುತ್ತ, ಹೊರಗಿನ ದೀಪಗಳ ಹಿಂದೆ, ಹಿಂದಿನ ಗೋಡೆ ನೆಲಕ್ಕೆ ಸೇರುವ ಜಾಗ, ಇಷ್ಟನ್ನು ಬಿಡದೆ ಚುಚ್ಚಿ ನೋಡಿ. ಮೀಟರ್ 20 ಶೇಕಡಾಕ್ಕಿಂತ ಜಾಸ್ತಿ ತೋರಿಸಿದರೆ ಅಲ್ಲಿ ಮರ ಕೊಳೆಯುವ ಅಪಾಯ ಇದೆ ಅಂತ ಅರ್ಥ. ನೆಲದ ಮೇಲೆ ಎಲ್ಲಾ ಕಡೆ ಹೆಜ್ಜೆ ಇಟ್ಟು ನೋಡಿ, ಕಾಲ ಕೆಳಗೆ ಮೆತ್ತಗೆ ಅನ್ನಿಸಿದರೆ ಅಲ್ಲಿ ಲಡ್ಡು ಹಿಡಿದಿದೆ. ಇತ್ತೀಚೆಗೆ ಬಣ್ಣ ಹೊಡೆದ ಜಾಗವನ್ನು ಎರಡು ಸಲ ನೋಡಿ. ಆಮೇಲೆ ಕೆಳಗೆ ಬಗ್ಗಿ ಚಾಸಿ ನೋಡಿ. ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ, ಆದರೆ ಸುತ್ತಿಗೆಯಲ್ಲಿ ತಟ್ಟಿದಾಗ ಪದರ ಪದರವಾಗಿ ಉದುರಿದರೆ, ಅಥವಾ ಮುಂದಿನ ಕೊಕ್ಕೆಯ ತ್ರಿಕೋನ ಚೌಕಟ್ಟಿನ ವೆಲ್ಡಿಂಗ್‌ನಲ್ಲಿ ಬಿರುಕು ಕಂಡರೆ ವೆಲ್ಡರ್ ಕರೆಸಲೇಬೇಕು. ಮಾಲೀಕತ್ವದ ಕಾಗದ ಮತ್ತು ಚಾಸಿ ನಂಬರ್ ತಾಳೆ ಆಗದಿದ್ದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ತಂದ ಮೇಲೆ ಮೊದಲ ಕೆಲಸ ಚಕ್ರದ್ದು, ಯಾಕಂದರೆ ಟ್ರೇಲರ್ ಸುರಕ್ಷಿತವಾಗಿ ಜರುಗದಿದ್ದರೆ ಮುಂದೆ ಎಲ್ಲದಕ್ಕೂ ತೊಂದರೆ. ಟೈರ್ ನೋಡಲು ಹೊಸದಾಗಿ ಕಂಡರೂ ಪಕ್ಕದಲ್ಲಿ ಒತ್ತಿರುವ ತಯಾರಿ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ: 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು. ಆರು ವರ್ಷ ದಾಟಿದ ಟೈರನ್ನು ನಾನು ಗೆರೆ ಎಷ್ಟೇ ಆಳವಿದ್ದರೂ ಬದಲಿಸುತ್ತೇನೆ, ನಿಂತಲ್ಲೇ ನಿಂತ ಟೈರಿನ ರಬ್ಬರ್ ಒಳಗೇ ಬಿರಿದಿರುತ್ತದೆ. ಬೇರಿಂಗ್ ಬಿಚ್ಚಿ, ಹಳೆ ಗ್ರೀಸ್ ಪೂರ್ತಿ ತೊಳೆದು, ನೀಲಿ ಕಲೆ ಅಥವಾ ಗುಳಿ ಕಂಡರೆ ಬೇರಿಂಗನ್ನೇ ಬದಲಿಸಿ, ಇಲ್ಲದಿದ್ದರೆ ರೋಲರ್‌ಗಳ ಸಂದಿಗೆಲ್ಲ ಹೋಗುವ ಹಾಗೆ ಹೊಸ ಗ್ರೀಸ್ ಒತ್ತಿ ತುಂಬಿ. ಸೀಲು ಮತ್ತು ಸೀಳು ಪಿನ್ನು ಪ್ರತಿ ಸಲವೂ ಹೊಸದೇ ಹಾಕಿ. ಬ್ರೇಕು, ಸ್ಪ್ರಿಂಗ್ ಪಟ್ಟಿ, ಅದರ ಬೋಲ್ಟು ಎಲ್ಲ ಈಗಲೇ ನೋಡಿಕೊಳ್ಳಿ. ಬರೀ ಜಾಕ್ ನಂಬಿ ಯಾವತ್ತೂ ಕೆಳಗೆ ನುಸುಳಬೇಡಿ, ಚಾಸಿಯ ಗಟ್ಟಿ ಜಾಗಕ್ಕೆ ನಾಲ್ಕು ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈ ಹಾಕಿ.

ಬಿಚ್ಚುವ ಮೊದಲು ಒಳಗೆ ಗುಡಿಸಬೇಕು ಅನ್ನಿಸುತ್ತದೆ, ಸ್ವಲ್ಪ ತಾಳಿ. ವರ್ಷಗಟ್ಟಲೆ ನಿಂತ ಟ್ರೇಲರ್‌ನಲ್ಲಿ ಇಲಿ ಹಿಕ್ಕೆ ಇದ್ದೇ ಇರುತ್ತದೆ, ಒಣ ಪೊರಕೆಯಲ್ಲಿ ಗುಡಿಸಿದರೆ ಆ ಧೂಳು ಉಸಿರಿಗೆ ಹೋಗುತ್ತದೆ, ಇಲಿಗಳಿಂದ ಬರುವ, ಜೀವಕ್ಕೇ ಅಪಾಯವಾಗಬಲ್ಲ ಹ್ಯಾಂಟಾ ವೈರಸ್ ಹೆಚ್ಚಾಗಿ ಹರಡುವುದೇ ಹಾಗೆ. ಬಾಗಿಲು ಕಿಟಕಿ ತೆಗೆದಿಟ್ಟು ಗಾಳಿಯಾಡಲು ಬಿಡಿ, ಮಾಸ್ಕು ಗ್ಲೌಸು ಹಾಕಿ, ಸೋಂಕುನಾಶಕ ಬೆರೆಸಿದ ನೀರಲ್ಲಿ ನೆನೆಸಿ, ಆಮೇಲೆ ಒರೆಸಿ ತೆಗೆಯಿರಿ. ಹಳೆ ಬಣ್ಣವನ್ನೂ ಒಣಗಿದ್ದಾಗ ಉಜ್ಜಬೇಡಿ. ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕುವುದನ್ನು ನಿಷೇಧಿಸಿದ್ದು 1978ರಲ್ಲಿ, ಅದಕ್ಕೂ ಮುಂಚಿನ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡುವ ಕಿಟ್ ಸಿಗುತ್ತದೆ, ತಂದು ನೋಡಿಯೇ ಮುಂದುವರಿಯಿರಿ.

ಈಗ ತಗಡು. ಮೂಲೆಗಳಲ್ಲಿ ಸುತ್ತಲೂ ಒಂದು ಅಲ್ಯೂಮಿನಿಯಂ ಪಟ್ಟಿ ಓಡಿರುತ್ತದೆ, ಅದನ್ನು ಮೊದಲು ಬಿಚ್ಚಿ. ಆಮೇಲೆ ಕಿಟಕಿ, ಬಾಗಿಲು, ದೀಪ. ಕೊನೆಗೆ ತಗಡು. ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಬಿಚ್ಚುತ್ತಾ ತೆಗೆಯಿರಿ, ಬಿಚ್ಚಿದ ಮೇಲೂ ತೆಗೆಯಿರಿ. ಇದು ಜಾಸ್ತಿ ಆಯಿತು ಅಂತ ಆಗ ಅನ್ನಿಸಬಹುದು, ಆರು ತಿಂಗಳ ಮೇಲೆ ಯಾವ ಹಾಳೆ ಯಾವುದರ ಮೇಲೆ ಕೂತಿತ್ತು ಅಂತ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಹಾಳೆಯ ಒಳಮೈಗೆ ಮಾರ್ಕರ್‌ನಲ್ಲಿ ನಂಬರ್ ಬರೆದು ಮೇಲೆ ಯಾವ ಕಡೆ ಅಂತ ಬಾಣ ಹಾಕಿ. ಸ್ಕ್ರೂಗಳನ್ನು ಜಾಗವಾರು ಚೀಲಕ್ಕೆ ಹಾಕಿ ಚೀಟಿ ಅಂಟಿಸಿ. ಹಾಳಾದ ತುಂಡುಗಳನ್ನೂ ಎಸೆಯಬೇಡಿ, ಹೊಸದನ್ನು ಕತ್ತರಿಸಲು ಅಳತೆ ಸಿಗುವುದು ಅವುಗಳಿಂದಲೇ. ಪುಡಿಯಾಗಿ ಹೋಗಿದ್ದರೆ ಎದುರಿನ ಗೋಡೆಯದನ್ನು ಕಾಗದದ ಮೇಲೆ ಗೀಚಿ ತಿರುಗಿಸಿ ಇಟ್ಟುಕೊಳ್ಳಿ.

ಇಲ್ಲಿ ತುಂಬ ಜನ ಎಡವುತ್ತಾರೆ. ತಗಡು ತೆಗೆದ ಕೂಡಲೇ ಕೊಳೆತದ್ದೆಲ್ಲ ಕಣ್ಣಿಗೆ ಬಿದ್ದು, ಎಲ್ಲವನ್ನೂ ಒಟ್ಟಿಗೆ ಕಿತ್ತುಹಾಕುತ್ತಾರೆ. ಆಗ ಹಂದರ ಒಂದು ಪಕ್ಕಕ್ಕೆ ವಾಲುತ್ತದೆ, ವಾಲಿದ್ದು ಕಣ್ಣಿಗೆ ಕಾಣದಷ್ಟಿದ್ದರೂ ಹಳೆ ತಗಡಿನ ತೂತುಗಳು ಮತ್ತೆ ಹೊಂದುವುದಿಲ್ಲ, ಬಾಗಿಲು ಕೂರುವುದಿಲ್ಲ. ಮೊದಲು ಒಳಗೆ ಉದ್ದುದ್ದ ರೀಪರುಗಳನ್ನು ಅಡ್ಡಡ್ಡ, ಓರೆಯಾಗಿ ಹೊಡೆದು ಆಕಾರ ಬಿಗಿ ಮಾಡಿ. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಒಂದು ಕಡೆಯನ್ನು ಮುಗಿಸಿಕೊಂಡೇ ಇನ್ನೊಂದಕ್ಕೆ ಹೋಗಿ.

ಕೊಳೆತ ರೀಪರನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ ತೆಗೆದು, ಪಕ್ಕಕ್ಕೆ ಹೊಸ ತುಂಡನ್ನು ಒಂದಡಿಯಾದರೂ ಹಾಯಿಸಿ ಸ್ಕ್ರೂ ಮತ್ತು ನೀರಿಗೆ ಬಿಡದ ಗೋಂದಿನಲ್ಲಿ ಜೋಡಿಸಿ. ಪಕ್ಕದಲ್ಲಿ ಜಾಗ ಇಲ್ಲದಿದ್ದರೆ ಇಡೀ ರೀಪರನ್ನೇ ಬದಲಿಸುವುದು ಒಳ್ಳೆಯದು. ಕೊಳೆತ ಮರಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಕುಡಿಸಿ ಗಟ್ಟಿ ಮಾಡುವ ದ್ರಾವಣಗಳಿವೆ. ಸಣ್ಣ ಅಂಚಿಗೆ, ಒಂದು ಸ್ಕ್ರೂ ತೂತಿಗೆ ಪರವಾಗಿಲ್ಲ, ಆದರೆ ಭಾರ ಹೊರುವ ಮರಕ್ಕೆ ಅದನ್ನು ನಂಬಬೇಡಿ. ನೆಲಕ್ಕೆ ಹೊರಾಂಗಣ ಬಳಕೆಯ ಗೋಂದಿನ ಪ್ಲೈವುಡ್ ಹಾಕಿ, ಕತ್ತರಿಸಿದ ಅಂಚುಗಳಿಗೂ ಕೆಳಮೈಗೂ ಕೂರಿಸುವ ಮುಂಚೆಯೇ ಎಪಾಕ್ಸಿ ಅಥವಾ ಒಳ್ಳೆ ಬಣ್ಣ ಎರಡು ಕೈ ಹೊಡೆಯಿರಿ, ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದಲೇ. ನೆಲ ತೆಗೆದಾಗ ಚಾಸಿ ಬರಿದಾಗಿ ಸಿಗುತ್ತದಲ್ಲ, ಅದೇ ಸಮಯ: ತಂತಿ ಬ್ರಷ್‌ನಲ್ಲಿ ತುಕ್ಕು ಕೆರೆದು, ಪ್ರೈಮರ್ ಕೊಟ್ಟು, ಬಣ್ಣ ಹೊಡೆದುಬಿಡಿ. ಮತ್ತೆ ಅಂಥ ಅವಕಾಶ ಸಿಗುವುದಿಲ್ಲ.

ಗೋಡೆಯೊಳಗಿನ ಹಳೆ ಗಾಜಿನ ಉಣ್ಣೆ ಒಮ್ಮೆ ನೆಂದಿದ್ದರೆ ಬಿಸಾಕಿ. ಬದಲಿಗೆ ಗಟ್ಟಿ ಫೋಮ್ ಹಾಳೆ ಕತ್ತರಿಸಿ ಕೂರಿಸಿ.

ವೈರಿಂಗ್ ಮಾಡುವುದಿದ್ದರೆ ತಗಡು ಮುಚ್ಚುವ ಮುಂಚೆ, ಈಗಲೇ. 12 ವೋಲ್ಟಿನದ್ದು ಬೇರೆ, ಮನೆ ಕರೆಂಟಿನದ್ದು ಬೇರೆ ದಾರಿಯಲ್ಲಿ ಹೋಗಬೇಕು, ಪ್ರತಿ ಸರ್ಕ್ಯೂಟಿಗೂ ಫ್ಯೂಸ್ ಅಥವಾ ಬ್ರೇಕರ್ ಬೇಕು, ಚಾಸಿಗೆ ಅರ್ಥಿಂಗ್ ಬೇಕು. ಹಳೆ ವೈರಿನ ಹೊದಿಕೆ ಬಗ್ಗಿಸಿದರೆ ಬಿರಿಯುತ್ತದೆ ಅಂದರೆ ಪೂರ್ತಿ ಹೊಸದೇ ಎಳೆಯಿರಿ. ಮನೆ ಕರೆಂಟಿನ ಕಡೆಯದನ್ನು ಮತ್ತು ಗ್ಯಾಸ್ ಲೈನನ್ನು ನಾನು ಬಲ್ಲವರ ಕೈಯಲ್ಲೇ ಮಾಡಿಸುತ್ತೇನೆ, ಈ ಎರಡರಲ್ಲಿ ಕಲಿಯುತ್ತಾ ಮಾಡುವುದು ಸರಿಯಲ್ಲ. ಗ್ಯಾಸಿನ ರೆಗ್ಯುಲೇಟರ್ ಮತ್ತು ರಬ್ಬರ್ ಪೈಪು ಹೊಸದಿರಲಿ, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೀವೇ ನೋಡಿ. ಈ ಗ್ಯಾಸ್, ಅಂದರೆ ಪ್ರೊಪೇನ್, ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ, ಅದಕ್ಕೆ ಗ್ಯಾಸ್ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರ. ಮುಚ್ಚಿದ ಸಣ್ಣ ಕೋಣೆಯಲ್ಲಿ ನಿಮ್ಮವರು ಮಲಗುತ್ತಾರೆ, ಇದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಮತ್ತೆ ತಗಡು ಹೊದಿಸುವುದು ಈ ಕೆಲಸದ ಜೀವಾಳ. ಹೆಂಚು ಹೊದಿಸುವಾಗ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬರುತ್ತದೆ ಅಲ್ವಾ, ಇಲ್ಲೂ ಅದೇ ಲೆಕ್ಕ: ಕೆಳಗಿನಿಂದ ಶುರು, ಮೇಲಿನ ಹಾಳೆ ಕೆಳಗಿನದನ್ನು ಮುಚ್ಚಬೇಕು, ನೀರು ಯಾವ ಸಂದಿಗೂ ಎದುರಾಗದೆ ಜಾರಿ ಹೋಗಬೇಕು. ಸಂದುಗಳಿಗೆ, ಕಿಟಕಿ ಚೌಕಟ್ಟಿನ ಹಿಂದೆ, ಮೂಲೆ ಪಟ್ಟಿಯ ಕೆಳಗೆ ಬ್ಯೂಟೈಲ್ ಟೇಪ್, ಅಂದರೆ ಅಂಟಂಟಾದ ರಬ್ಬರಿನಂಥ ಪಟ್ಟಿ, ಹಾಕಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಓಡುವಾಗ ಟ್ರೇಲರ್ ಎಷ್ಟು ತಿರುಚಿದರೂ ಜೊತೆಗೇ ಹಿಗ್ಗುತ್ತದೆ. ಸಿಲಿಕೋನ್ ಮಾತ್ರ ಬೇಡ. ಒಂದು ಸಲ ಸಿಲಿಕೋನ್ ಕೂತ ಜಾಗದಲ್ಲಿ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ, ಅಂಚು ಸ್ವಲ್ಪ ಎದ್ದರೂ ಹಿಂದೆ ನೀರು ಸಿಕ್ಕಿಕೊಂಡು ಅಲ್ಲೇ ಉಳಿಯುತ್ತದೆ. ಹಿಂದಿನವರು ಹಚ್ಚಿದ್ದರೆ ಪ್ಲಾಸ್ಟಿಕ್ ಕೆರೆಗೋಲಿನಿಂದ ಚೂರೂ ಬಿಡದೆ ತೆಗೆಯಿರಿ, ಬೇಸರದ ಕೆಲಸ, ಆದರೂ ಮಾಡಲೇಬೇಕು.

ಸ್ಕ್ರೂಗಳು ಸ್ಟೇನ್‌ಲೆಸ್ ಇರಲಿ. ಹಳೆ ತೂತು ಸಡಿಲವಾಗಿದ್ದರೆ ಗೋಂದು ಸವರಿದ ಮರದ ಕಡ್ಡಿ ತುಂಬಿ ಒಣಗಿದ ಮೇಲೆ ಹೊಸದಾಗಿ ತೂತು ಕೊರೆಯಿರಿ. ಸಾಲಿನ ಒಂದು ತುದಿಯಿಂದ ಪೂರ್ತಿ ಬಿಗಿಯುತ್ತಾ ಹೋಗದೆ, ಎಲ್ಲವನ್ನೂ ಅರ್ಧ ಬಿಗಿದು, ಆಮೇಲೆ ಸುತ್ತು ಬಂದು ಬಿಗಿಯಿರಿ. ಟೇಪ್ ಸುತ್ತಲೂ ಒಂದೇ ಸಮ ಹೊರಗೆ ಹಿಂಡಿ ಬರಬೇಕು, ಎಲ್ಲಿ ಬರಲಿಲ್ಲವೋ ಅಲ್ಲಿ ಕಡಿಮೆಯಾಗಿದೆ, ಬಿಚ್ಚಿ ಮತ್ತೆ ಹಾಕಿ. ಒಂದು ದಿನ ಬಿಸಿಲಿಗೆ ಬಿಟ್ಟು ಮಾರನೆ ದಿನ ಇನ್ನೊಮ್ಮೆ ಬಿಗಿದರೆ ಇನ್ನಷ್ಟು ಹಿಂಡುತ್ತದೆ. ಆಮೇಲೆ ಹೆಚ್ಚಾದದ್ದನ್ನು ಕತ್ತರಿಸಿ ತೆಗೆಯಿರಿ. ಅಲ್ಯೂಮಿನಿಯಂ ತಗಡು ಬರಿ ಉಕ್ಕಿಗೆ ತಾಗುವ ಕಡೆಯೆಲ್ಲ ನಡುವೆ ಬಣ್ಣವೋ ಟೇಪೋ ಇರಲಿ, ಎರಡು ಲೋಹಗಳ ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ.

ಈಗ ನೀರಿನ ಪರೀಕ್ಷೆ, ಕುಶನ್ನೂ ಪರದೆಯೂ ಬರುವ ಮುಂಚೆ. ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಹೊರಗೆ ಪೈಪ್ ಹಿಡಿದು. ನೀರನ್ನು ರಭಸವಾಗಿ ಹೊಡೆಯಬೇಡಿ, ಮಳೆಯ ಹಾಗೆ ಬೀಳಲಿ. ಕೆಳಗಿನ ಸಾಲಿನಿಂದ ಶುರು ಮಾಡಿ ಒಂದೊಂದು ಮಟ್ಟಕ್ಕೂ ಹತ್ತು ನಿಮಿಷ ಕೊಟ್ಟು ಮೇಲೆ ಹೋಗಿ. ಮೊದಲೇ ಚಾವಣಿಗೆ ಬಿಟ್ಟರೆ ಎಲ್ಲಾ ಕಡೆ ನೀರು ಇಳಿದು, ಸೋರಿದ್ದು ಎಲ್ಲಿಂದ ಅಂತ ಗೊತ್ತಾಗುವುದಿಲ್ಲ. ಒಳಗೆ ಹನಿ ಕಂಡ ಜಾಗಕ್ಕೂ ನೀರು ಹೊಕ್ಕ ಜಾಗಕ್ಕೂ ಎಷ್ಟೋ ಅಡಿ ದೂರ ಇರಬಹುದು, ರೀಪರಿನ ಮೇಲೆ ಹರಿದು ಬಂದಿರುತ್ತದೆ. ನನ್ನದರಲ್ಲಿ ಕಿಟಕಿಯ ಕೆಳಗೆ ಕಂಡ ಒದ್ದೆಯ ಮೂಲ ಚಾವಣಿ ಅಂಚಿನ ದೀಪದ ಹಿಂದೆ ಇತ್ತು.

ಎರಡು ಸಲ ಪರೀಕ್ಷೆ ಮಾಡಿ ಒಣಗೇ ಇದ್ದರೆ ಆಗ ಬಣ್ಣ. ಹೊರಗೆ ತಗಡನ್ನು ಜಿಡ್ಡು ಹೋಗುವ ಹಾಗೆ ತೊಳೆದು, ನಯವಾಗಿ ಉಜ್ಜಿ, ಬರಿ ಅಲ್ಯೂಮಿನಿಯಂ ಕಾಣುವ ಕಡೆ ಸೆಲ್ಫ್ ಎಚಿಂಗ್ ಪ್ರೈಮರ್ (ಲೋಹದ ಮೈಯನ್ನು ತಾನೇ ಸ್ವಲ್ಪ ಕೊರೆದು ಹಿಡಿದುಕೊಳ್ಳುವ ಪ್ರೈಮರ್) ಕೊಡಿ, ಇಲ್ಲದಿದ್ದರೆ ಎಂಥ ಬಣ್ಣವೂ ಸಿಪ್ಪೆ ಏಳುತ್ತದೆ. ಒಳಗೆ ಬರ್ಚ್ ಪ್ಲೈವುಡ್ ಉಳಿದಿದ್ದರೆ ದಯವಿಟ್ಟು ಅದರ ಮೇಲೆ ಬಿಳಿ ಬಣ್ಣ ಹೊಡೆಯಬೇಡಿ. ಆ ಜೇನು ಬಣ್ಣ ಬಂದಿರುವುದು ಅರಗಿನ ಪಾಲಿಶ್‌ನಿಂದ, ಶೆಲ್ಲಾಕ್ ಅಂತ ಸಿಗುತ್ತದೆ. ಹಳೆಯದನ್ನು ಒರೆಸಿ, 320 ನಂಬರ್ ಮರಳು ಕಾಗದದಲ್ಲಿ ಹಗುರಾಗಿ ಉಜ್ಜಿ, ಅಂಬರ್ ಶೆಲ್ಲಾಕ್ ತೆಳುವಾಗಿ ಎರಡು ಮೂರು ಕೈ ಹಚ್ಚಿದರೆ ಹಳೆ ಪದರಕ್ಕೂ ಹೊಸದಕ್ಕೂ ಗೆರೆ ಕಾಣದ ಹಾಗೆ ಬೆರೆತುಹೋಗುತ್ತದೆ. ಹೊಸ ತುಂಡು ಹಾಕಿದ್ದರೆ ಅದಕ್ಕೆ ಒಂದು ಕೈ ಜಾಸ್ತಿ. ಹಚ್ಚುವಾಗ ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಇರಬಾರದು, ಅದರಲ್ಲಿ ಸ್ಪಿರಿಟ್ ಇದೆ.

ಹೊರಡುವ ಮುಂಚೆ ಸಾಮಾನು ತುಂಬಿಸಿ ತೂಕದ ಕಟ್ಟೆಗೆ ಒಯ್ದು ತೂಗಿಸಿ. ಆಕ್ಸಲ್ ಹೊರುವ ಮಿತಿಯೊಳಗೆ ಇರಬೇಕು, ಒಟ್ಟು ತೂಕದಲ್ಲಿ 10ರಿಂದ 15 ಶೇಕಡಾ ಮುಂದಿನ ಕೊಕ್ಕೆಯ ಮೇಲೆ ಬರಬೇಕು. ಕಡಿಮೆಯಾದರೆ ವೇಗದಲ್ಲಿ ಹಿಂಭಾಗ ಅತ್ತಿತ್ತ ಬಾಲ ಆಡಿಸಲು ಶುರು ಮಾಡುತ್ತದೆ, ಅದನ್ನು ಹಿಡಿತಕ್ಕೆ ತರುವುದು ಕಷ್ಟ. ಮೊದಲ ಸಲ ದೂರ ಹೋಗಬೇಡಿ. ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಚಕ್ರದ ಹಬ್ ಹತ್ತಿರ ಕೈ ಒಯ್ದು ನೋಡಿ, ಒಂದು ಮಾತ್ರ ಬೇರೆಯವುಗಳಿಗಿಂತ ಜಾಸ್ತಿ ಬಿಸಿಯಾಗಿದ್ದರೆ ಅಲ್ಲಿ ಬೇರಿಂಗ್ ಬಿಗಿಯಾಗಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿಯಿರಿ. ಮನೆಗೆ ಬಂದ ಮೇಲೆ ಮೊದಲ ಜೋರು ಮಳೆ ಬಂದ ದಿನ ಟಾರ್ಚ್ ಹಿಡಿದು ಒಳಗೆ ಹೋಗಿ, ಕಪಾಟಿನ ಬಾಗಿಲೆಲ್ಲ ತೆಗೆದಿಟ್ಟು, ನಾಲ್ಕೂ ಮೂಲೆಗಳನ್ನು ಕೈಯಿಂದ ಮುಟ್ಟಿ ನೋಡಿ.