ಮ್ಯೂರ್ ಹತ್ತುವಾಗ ಕಾಯಬೇಕು

ಮೊದಲ ಸಲ ಸೈಕಲ್‌ನಲ್ಲಿ ಹೋದಾಗ ನಾನು ಅರ್ಧದಲ್ಲೇ ಕಾಲು ಕೆಳಗಿಟ್ಟೆ.

ಬೆಲ್ಜಿಯಂನ ವೀ (Huy) ಊರಿನ ಏರು ಅದು. ಹೆಸರು ಮ್ಯೂರ್, ಅಂದರೆ ಗೋಡೆ. ಉದ್ದ ಬರೀ 1.3 ಕಿ.ಮೀ., ಸರಾಸರಿ ಏರು ಶೇ. 9.6. ಲಾ ಫ್ಲೆಶ್ ವಲೋನ್ ಸೈಕಲ್ ರೇಸ್ 1985ರಿಂದ ಮುಗಿಯುವುದು ಇದರ ನೆತ್ತಿಯಲ್ಲೇ. ಬೆಂಗಳೂರಲ್ಲಿದ್ದಾಗ ನಂದಿ ಹತ್ತಿ ಹತ್ತಿ ಅಭ್ಯಾಸವಾದವನು ನಾನು. ಇಷ್ಟೇ ಅಲ್ವಾ ಅಂತ ಬುಡದಿಂದಲೇ ಎದ್ದು ನಿಂತು ತುಳಿದೆ. ನಂದಿಯಲ್ಲಿ ಉಸಿರಿಗೊಂದು ಲಯ ಸಿಗುತ್ತದೆ, ಇಲ್ಲಿ ಸಿಗಲೇ ಇಲ್ಲ. ಕ್ರಿಕೆಲಿಯೋನ್ ಹೆಸರಿನ ತಿರುವಿದೆ. ಅದರ ಒಳಬದಿ ಶೇ. 20ಕ್ಕೂ ಜಾಸ್ತಿ ಕಡಿದು. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರಿತು, ಅಷ್ಟೇ.

ಎರಡನೇ ಸಲ ಹೋಗಿದ್ದು 2023ರ ಏಪ್ರಿಲ್‌ನಲ್ಲಿ, ರೇಸ್ ದಿನ ಬೆಳಿಗ್ಗೆ. ಹಿಂದಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು, ಬದಲಿಸಿದ್ದೆ. ಅದರ ಅತಿ ದೊಡ್ಡ ಹಲ್ಲುಚಕ್ರಕ್ಕೆ 28ರ ಬದಲು 32 ಹಲ್ಲು, ಮುಂದೆ 34; ತುಳಿಯೋದು ಹಗುರ. ಈ ಸಲ ಕೂತೇ ತುಳಿದೆ. ದಾರಿಯುದ್ದಕ್ಕೂ ಏಳು ಪುಟ್ಟ ಚಾಪೆಲ್‌ಗಳಿವೆ (ಕ್ರೈಸ್ತರ ಪ್ರಾರ್ಥನಾ ಗುಡಿಗಳು), ಅವನ್ನೇ ಎಣಿಸುತ್ತಾ ಹೋದೆ. ತಲೆ ತಗ್ಗಿಸಿದರೆ ಟಾರಿನ ಮೇಲೆ ಬರೆದ ಊರಿನ ಹೆಸರು: ಎಚ್, ಯು, ವೈ. ಮತ್ತೆ ಎಚ್, ಯು, ವೈ. ಒಂದೊಂದು ಅಕ್ಷರ ದಾಟುವುದೂ ಒಂದು ಕೆಲಸವೇ. ತಿರುವಿನಲ್ಲಿ ಹೊರಬದಿ ಹಿಡಿದೆ. ಸುತ್ತು ಸ್ವಲ್ಪ ಜಾಸ್ತಿ, ಆದರೆ ಏರು ಕಡಿಮೆ. ತುದಿ ಹತ್ತಿರ ರಸ್ತೆ ಸ್ವಲ್ಪ ಸಡಿಲವಾಗುತ್ತದೆ. ಕಾಲಲ್ಲಿ ಶಕ್ತಿ ಬೇಕಾಗುವುದು ಅಲ್ಲಿ. ನನ್ನಲ್ಲಿ ಉಳಿದಿರಲಿಲ್ಲ, ಆದರೂ ಕಾಲು ಕೆಳಗಿಡದೆ ಮುಟ್ಟಿದೆ.

ಮಧ್ಯಾಹ್ನ ಅದೇ ತಿರುವಿನಲ್ಲಿ ನಿಂತೆ. 194 ಕಿ.ಮೀ. ರೇಸಿನಲ್ಲಿ ಸವಾರರು ಈ ಗೋಡೆಯನ್ನು ಮೂರು ಸಲ ಹತ್ತಬೇಕು. ಕೊನೆಯ ಸಲ ಬಂದಾಗ ಬಾಯಿ ತೆರೆದಿತ್ತು, ಜೆರ್ಸಿ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿತ್ತು. ಸ್ಲೊವೇನಿಯಾದ ಸವಾರ ಪೊಗಾಚಾರ್ ಮುಂದೆಯೇ ಇದ್ದರು, ಆದರೆ ಇನ್ನೂ ಜೋರು ಮಾಡಿರಲಿಲ್ಲ. ಆಮೇಲೆ ಫೋನಿನಲ್ಲಿ ನೋಡಿದೆ: ಮುಕ್ತಾಯದ ಗೆರೆ ಹತ್ತಿರವಾದ ಮೇಲೆ ಎದ್ದರು, ಹೋದರು, ಗೆದ್ದರು. ಇಲ್ಲಿ ಐದು ಸಲ ಗೆದ್ದ ಸ್ಪೇನಿನ ವಾಲ್ವೆರ್ದೆ ಮಾಡುತ್ತಿದ್ದುದೂ ಇದನ್ನೇ. ಮಹಿಳೆಯರ ರೇಸನ್ನು ಆನಾ ವಾನ್ ಡರ್ ಬ್ರೆಗನ್ 2015ರಿಂದ 2021ರವರೆಗೆ ಸತತ ಏಳು ಸಲ ಗೆದ್ದರು! ಆ ಏರಿನಲ್ಲಿ ಒಂದು ಸಲ ಉಸಿರು ಕಟ್ಟಿದವರಿಗೆ ಆ ಏಳು ಅಂದರೇನು ಅಂತ ಗೊತ್ತಾಗುತ್ತದೆ.

ಸಂಜೆ ಬೇಲಿ ತೆಗೆದ ಮೇಲೆ ಇನ್ನೊಮ್ಮೆ ಹತ್ತಿದೆ. ತಿರುವು ದಾಟಿದರೂ ಏಳಲಿಲ್ಲ. ರಸ್ತೆ ಸಡಿಲವಾಗುವವರೆಗೆ ಸುಮ್ನೆ ಕೂತೆ, ಆಮೇಲೆ ಎದ್ದೆ. ಕಾಲಲ್ಲಿ ಇನ್ನೂ ಇತ್ತು.