ರೂಪಾಂತರಿತ ಶಿಲೆ ಗುರುತಿಸಲು ನಾನು ಅನುಸರಿಸುವ ಕ್ರಮ

ರೂಪಾಂತರಿತ ಶಿಲೆ ಎಂದರೆ ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ಹೊರಮೈ ನೋಡಿ ನಾನು ಕಲ್ಲಿಗೆ ಹೆಸರಿಡುವುದಿಲ್ಲ. ಬಿಸಿಲು ಮಳೆಗೆ ಬಿದ್ದ ನೈಸ್, ಗ್ರಾನೈಟ್, ಚಾರ್ನೊಕೈಟ್ ಎಲ್ಲವುಗಳ ಸಿಪ್ಪೆಯೂ ಹೆಚ್ಚುಕಡಿಮೆ ಒಂದೇ ಕಂದು ಬಣ್ಣ. ಸುತ್ತಿಗೆಯಿಂದ ಮೂಲೆ ಒಡೆದು ಅಂಗೈಯಗಲ ಹೊಸ ಮುಖ ತೆಗೆದು, ನೀರು ಸವರಿ, ಹತ್ತು ಪಟ್ಟಿನ ಲೆನ್ಸನ್ನು ಕಣ್ಣಿಗೆ ಹಿಡಿದು ಕಲ್ಲನ್ನೇ ಹತ್ತಿರ ತರುತ್ತೇನೆ. ಒಡೆಯುವಾಗ ಕನ್ನಡಕ ಬೇಕೇ ಬೇಕು, ಬೆಣಚು ಗಾಜಿನಂತೆ ಸಿಡಿಯುತ್ತದೆ. ಲಾಲ್‌ಬಾಗ್ ಬಂಡೆಯಂಥ ಸಂರಕ್ಷಿತ ಜಾಗದಲ್ಲಿ ಸುತ್ತಿಗೆ ಚೀಲದಿಂದ ಹೊರಗೇ ಬರಕೂಡದು.

ಖನಿಜ ಹುಡುಕುವ ಮುಂಚೆ ಪದರ ನೋಡುತ್ತೇನೆ. ಹಾಳೆಯಂತೆ ಸೀಳಿ, ಲೆನ್ಸಿಗೂ ಕಣ ಕಾಣದಿದ್ದರೆ ಸ್ಲೇಟ್. ರೇಷ್ಮೆಯ ಹೊಳಪಿದ್ದರೆ ಫಿಲೈಟ್. ಕಾಗೆಬಂಗಾರದ ಚಕ್ಕೆಗಳು ಕಣ್ಣಿಗೇ ಕಂಡರೆ ಶಿಸ್ಟ್. ತಿಳಿ-ಕಪ್ಪು ಪಟ್ಟೆಗಳಿದ್ದರೆ ನೈಸ್. ನೈಸ್‌ಗೆ ಕೈಯಲ್ಲಿನ ತುಂಡು ಸಾಲದು: ಪಟ್ಟೆಯೇ ಗೇಣಗಲ ಇದ್ದರೆ ತುಂಡು ಗ್ರಾನೈಟಿನಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಇಡೀ ಬಂಡೆ ನೋಡಬೇಕು.

ಪದರವಿಲ್ಲದ ಬಿಳಿ ಕಲ್ಲಿಗೆ ಚಾಕು ಸಾಕು. ಅಮೃತಶಿಲೆಗೆ ಗೀರು ಬೀಳುತ್ತದೆ, 10% ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿಗೆ ನೊರೆ ಬರುತ್ತದೆ. ಡಾಲೊಮೈಟ್ ಜಾತಿಯದಾದರೆ ಸುಮ್ಮನಿರುತ್ತದೆ; ಕೆರೆದ ಪುಡಿಯ ಮೇಲೆ ಹಾಕಿದರೆ ನಿಧಾನಕ್ಕೆ ನೊರೆಯೇಳುತ್ತದೆ. ಬೆಣಚು ಕಣಗಳೇ ಬೆಸೆದ ಕ್ವಾರ್ಟ್ಜೈಟ್ ಮೇಲೆ ಚಾಕುವಿನದೇ ಉಕ್ಕು ಸವೆದು ಬೂದುಗೆರೆ ಉಳಿಯುತ್ತದೆ, ಹೊಸಬರು ಅದನ್ನೇ ಗೀರೆಂದು ಬರೆದುಕೊಳ್ಳುತ್ತಾರೆ. ಒದ್ದೆ ಬೆರಳಲ್ಲಿ ಉಜ್ಜಿ: ಗೆರೆ ಅಳಿಸಿದರೆ ಗೀರಲ್ಲ.

ಹೆಚ್ಚು ತಪ್ಪಾಗುವುದು ಕಪ್ಪು ಕಲ್ಲಿನಲ್ಲಿ. ರೂಪಾಂತರಿತ ಆಂಫಿಬೊಲೈಟ್, ಶಿಲಾರಸ ತಣಿದು ಆದ ಡಾಲರೈಟ್ ಎರಡೂ ಭಾರ, ಎರಡೂ ಕಪ್ಪು. ತುಂಡನ್ನು ಬಿಸಿಲಿಗೆ ಹಿಡಿದು ನಿಧಾನ ತಿರುಗಿಸುತ್ತೇನೆ. ಕೋಲಾರದ ಚಿನ್ನದ ಪಟ್ಟಿಯ ಆಂಫಿಬೊಲೈಟ್‌ನಂಥ ಕಲ್ಲಾದರೆ ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಖನಿಜದ ಸೂಜಿಗಳು ಒಂದೇ ಕಡೆ ಮುಖ ಮಾಡಿರುವುದರಿಂದ ಒಂದು ಕೋನಕ್ಕೆ ಬಂದಾಗ ಗುಂಪಾಗಿ ಮಿನುಗುತ್ತವೆ. ಡಾಲರೈಟಿನಲ್ಲಿ ಮಿಂಚು ಚೆಲ್ಲಾಪಿಲ್ಲಿ. ಕಣ ದೊಡ್ಡದಿದ್ದರೆ ಖನಿಜ ಸೀಳಿದಾಗ ಸಿಗುವ ನುಣುಪು ಮುಖಗಳ ನಡುವಿನ ಕೋನ ನೋಡಿ: ಹಾರ್ನ್‌ಬ್ಲೆಂಡ್‌ನಲ್ಲಿ ಸುಮಾರು 56 ಮತ್ತು 124 ಡಿಗ್ರಿ, ಡಾಲರೈಟಿನ ಪೈರಾಕ್ಸೀನ್ ಖನಿಜದಲ್ಲಿ ಹತ್ತಿರಹತ್ತಿರ 90. ಕಣ ತೀರ ಸಣ್ಣದಾದರೆ ತುಂಡನ್ನು ಬಿಟ್ಟು ಬಂಡೆಗೆ ಹೋಗುತ್ತೇನೆ. ಕಪ್ಪು ಕಲ್ಲು ನೈಸ್‌ನ ಪಟ್ಟೆಗಳನ್ನು ನೇರ ಅಂಚಿನಿಂದ ಕತ್ತರಿಸಿಕೊಂಡು ಹೋಗಿದ್ದರೆ ಅದು ಬಹುಮಟ್ಟಿಗೆ ಡಾಲರೈಟ್ ಡೈಕೇ, ಅಂದರೆ ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾರಸದ ಗೋಡೆ.

ಚಾರ್ನೊಕೈಟ್‌ಗೆ ಎಣ್ಣೆ ಸವರಿದಂಥ ಹಸಿರುಗಂದು ಮೈ, ಬೇರೆಡೆ ತಿಳಿಬಣ್ಣದ ಖನಿಜವಾದ ಫೆಲ್ಡ್‌ಸ್ಪಾರ್ ಕೂಡ ಬಿಳುಪು ಬಿಟ್ಟಿರುತ್ತದೆ. ಕನಕಪುರ ಕಡೆಯ ಕಬ್ಬಾಳದ ಕಲ್ಲುಗಣಿಯಲ್ಲಿ ಬೂದು ನೈಸ್ ನಡುವೆ ಅದು ತೇಪೆತೇಪೆಯಾಗಿ ಹುಟ್ಟಿದೆ, ತೇಪೆಯೊಳಗೂ ನೈಸ್‌ನ ಪಟ್ಟೆ ಮಸುಕಾಗಿ ಮುಂದುವರಿಯುತ್ತದೆ. ಅಂಥ ಕಡೆ ಗಡಿಯ ಎರಡೂ ಬದಿಯಿಂದ ಒಂದೊಂದು ತುಂಡು ತೆಗೆದು ಬೇರೆಬೇರೆ ನಂಬರ್ ಹಾಕುತ್ತೇನೆ.

ಹೆಸರು ಬರೆಯುವಾಗ ಕಡಿಮೆ ಇರುವ ಖನಿಜ ಮೊದಲು: ಗಾರ್ನೆಟ್-ಬಯೊಟೈಟ್ ಶಿಸ್ಟ್ ಎಂದರೆ ಬಯೊಟೈಟೇ ಹೆಚ್ಚು. ಕಾಣದ ಖನಿಜವನ್ನು ಊಹಿಸಿ ಸೇರಿಸುವುದಿಲ್ಲ. ತೆಳುಛೇದ (ಸೂಕ್ಷ್ಮದರ್ಶಕಕ್ಕೆಂದು ತೆಳ್ಳಗೆ ಉಜ್ಜಿದ ಕಲ್ಲಿನ ಬಿಲ್ಲೆ) ಮಾಡಿಸುವವರೆಗೆ ಚೀಟಿಯಲ್ಲಿ ಜಾಗ, ಪದರದ ದಿಕ್ಕು, ವಾಲು (ಇಳಿಜಾರಿನ ಕೋನ) ಮತ್ತು ‘ಕಪ್ಪು, ಸಣ್ಣಕಣ’ ಎಂದಷ್ಟೇ ಇರುತ್ತದೆ.